ಕಸ್ತೂರೆವ್ವ ಬೀಸಿದ ಮಂತ್ರಿಮಂಡಲ

ನಮ್ಮ ಮನೆಯಲ್ಲಿ ಕುರ್ಚಿ ಒಂದೇ ಇತ್ತು. ಅದರ ಮೇಲೆ ತೀರಿಹೋದ ಮಾವನವರ ಫೋಟೋ ಕೂತಿತ್ತು. ಹೆಂಗಸರು ಆ ಕುರ್ಚಿಯನ್ನು ಒರೆಸಬಹುದಿತ್ತು, ಕೂಡುವಂತಿರಲಿಲ್ಲ. ನನ್ನ ಮೈದುನನ ಹೆಂಡತಿ ಕಸ್ತೂರೆವ್ವ ಮದುವೆಯಾಗಿ ಬಂದ ಮೂರನೆಯ ದಿನ ಅದನ್ನು ಒರೆಸುತ್ತ ನನ್ನ ಕಿವಿಯ ಹತ್ತಿರ ಬಂದು, "ಯಕ್ಕಾ, ಫೋಟೋಕ್ಕ ಕಾಲು ನೋಯ್ತಾವೇನು?" ಎಂದು ಕೇಳಿದಳು. ನಾನು ನಗು ತಡೆಯಲಾರದೆ ಹಿತ್ತಲಿಗೆ ಓಡಿದೆ. ಅವತ್ತೇ ಗೊತ್ತಾಯಿತು, ಈ ಮನೆಯಲ್ಲಿ ಇನ್ನು ನನಗೆ ಬೇಸರವಿಲ್ಲ ಎಂದು.

ಅವಳ ತವರು ಮನಗೂಳಿ. ನಮ್ಮದು ನಾಲತವಾಡ. ತವರಿನಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಸಾಲಿ ಕಲಿತಿದ್ದಳು. ಮದುವೆಯಾಗಿ ಹದಿಮೂರು ವರ್ಷವಾದ ಮೇಲೆ, ಎಪ್ಪತ್ತಾರನೆಯ ಇಸವಿಯಲ್ಲಿ, ಮನೆಯಲ್ಲೇ ಓದಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಳು. ಗಂಡ ಖಂಡೆಪ್ಪ ಒಳ್ಳೆಯವನು. ಹೆಂಡತಿ ಓದಿದರೆ ಅವನಿಗೆ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. ಆಕೆಗೆ ಮಕ್ಕಳಾಗಲಿಲ್ಲ. ಆದರೆ ನಮ್ಮ ಓಣಿಯ ಮಕ್ಕಳು ಉಗುರು ತೆಗೆಸಿಕೊಳ್ಳುವುದು, ಜಡೆ ಹಾಕಿಸಿಕೊಳ್ಳುವುದು, ಬಿದ್ದು ಅಳುವುದು, ಎಲ್ಲ ನಮ್ಮ ಕಟ್ಟೆಯ ಮೇಲೆಯೇ. ಮೂಗು ಒರೆಸಿ ಒರೆಸಿ ಅವಳ ಸೆರಗಿನ ಒಂದು ಮೂಲೆ ಯಾವಾಗಲೂ ಗಟ್ಟಿಯಾಗಿರುತ್ತಿತ್ತು.

ಮನೆಯ ಯಜಮಾನಿಕೆ ನಮ್ಮ ಅತ್ತೆ ರುಕ್ಮವ್ವನವರದು. ನನ್ನ ಗಂಡ ತೀರಿಕೊಂಡಿದ್ದರು, ಖಂಡೆಪ್ಪನಿಗೆ ಹೊಲವೇ ಸಾಕಾಗಿತ್ತು. ಬೀಗದ ಕೈ, ಬೆಲ್ಲದ ಗಡಿಗೆ, ರೊಕ್ಕದ ಗಂಟು ಎಲ್ಲ ಅತ್ತೆಯ ಸೊಂಟದ ಆಸುಪಾಸಿನಲ್ಲೇ. ಊರ ಪೇಟೆಯಲ್ಲಿ ಹಿಟ್ಟಿನ ಗಿರಣಿ ಬಂದು ಆರು ವರ್ಷವಾಗಿತ್ತು. ನಮ್ಮ ಮನೆಯ ಜೋಳ ಮಾತ್ರ ಅದರ ಹೊಸ್ತಿಲು ತುಳಿದಿರಲಿಲ್ಲ.

"ಗಿರಣಿ ಹಿಟ್ಟು ಸುಟ್ಟಿರತೈತಿ. ಅದರ ರೊಟ್ಟಿ ತಿಂದ ಮಂದಿ ಜಗಳಾಡ್ತಾರ" ಎನ್ನುತ್ತಿದ್ದರು ಅತ್ತೆ.

ಕಸ್ತೂರೆವ್ವ ನನಗಷ್ಟೇ ಕೇಳುವಂತೆ, "ತಿನ್ನಲಾರದ ಹಿಂಗ ಅದಾರ, ತಿಂದ್ರ ಹೆಂಗವ್ವಾ!" ಎನ್ನುತ್ತಿದ್ದಳು.

ಹೀಗಾಗಿ ದಿನಾ ಕೋಳಿ ಕೂಗಿದ ಮೇಲೆ ನಾವಿಬ್ಬರೂ ಬೀಸುಕಲ್ಲಿಗೆ ಎದುರುಬದುರು ಕೂಡುತ್ತಿದ್ದೆವು. ಒಂದೇ ಗೂಟಕ್ಕೆ ನನ್ನ ಬಲಗೈ, ಅವಳ ಬಲಗೈ. ಎಡಗೈಯಿಂದ ಒಮ್ಮೆ ಅವಳು, ಒಮ್ಮೆ ನಾನು ಕಲ್ಲಿನ ಬಾಯಿಗೆ ಹಿಡಿ ಜೋಳ ಹಾಕುವುದು. ಪದ ಅವಳದು, ಕೊನೆಯ ಸಾಲಿಗೆ ದನಿಗೂಡಿಸುವುದು ನನ್ನದು. ಹದಿನಾರು ವರ್ಷ ಹೀಗೆ ಬೀಸಿದೆವು.

ಎಪ್ಪತ್ತೊಂಬತ್ತನೆಯ ಇಸವಿ ಜೂನ್ ತಿಂಗಳಲ್ಲಿ ಪಂಚಾಯತಿಯ ಗೋಡೆಗೆ ಒಂದು ಕಾಗದ ಹಚ್ಚಿದರು. ಊರಲ್ಲಿ ಬಾಲವಾಡಿ ತೆರೆಯುತ್ತಾರೆ, ಕಲಿಸಲು ಒಬ್ಬ ಹೆಣ್ಣುಮಗಳು ಬೇಕು, ಮುಲ್ಕಿ ಪಾಸಾಗಿರಬೇಕು, ಮೂವತ್ತೈದು ತುಂಬಿರಬಾರದು. ಸಾಲಿ ದಾಖಲೆ ಪ್ರಕಾರ ಕಸ್ತೂರೆವ್ವನಿಗೆ ಆಗ ಮೂವತ್ನಾಲ್ಕು. ಈ ಸಲ ತಪ್ಪಿದರೆ ತಪ್ಪಿದಂತೆಯೇ. ಅವಳು ಆ ಕಾಗದವನ್ನು ಮೂರು ಸಲ ಓದಿ ಬಂದು ನನ್ನ ಮುಂದೆ ಕೂತಳು.

"ಯಕ್ಕಾ, ನಲವತ್ತು ಹುಡುಗ್ರು ಅಂತ ಬರದಾರ. ನಲವತ್ತು! ಮತ್ತ ಒಂದು ಕುರ್ಚಿ."

"ಕುರ್ಚಿ ಅಂತನೂ ಬರದಾರೇನು?"

"ಇಲ್ಲ. ಇರದ ಹೆಂಗಿರತೈತಿ? ಸರಕಾರದ್ದಲ್ಲೇನು?"

ಅತ್ತೆ ಬೇಡ ಅನ್ನಲಿಲ್ಲ. ಒಂದೇ ಮಾತು ಹೇಳಿದರು: "ಹೋಗು. ಮನ್ಯಾಗ ಹಿಟ್ಟು ತಪ್ಪಬಾರದು."

ಮುದ್ದೇಬಿಹಾಳದಲ್ಲಿ ಇಂಟರ್ವ್ಯೂ ಎಂದು ಗೊತ್ತಾಯಿತು. ಏನು ಕೇಳುತ್ತಾರೆ ಎಂಬ ಸುದ್ದಿ ತಂದವಳು ಗೋಡೆಯಾಚೆಯ ಮನೆಯ ಲಾಲಬಿ. ಅವಳ ಗಂಡ ನಬಿಲಾಲ ಪೇಟೆಯಲ್ಲಿ ದರ್ಜಿ, ಅಂಗಡಿಯಲ್ಲಿ ರೇಡಿಯೋ ಇತ್ತು. ಬೇರೆ ಊರಿನ ಬಾಲವಾಡಿಗೆ ಇಂಟರ್ವ್ಯೂ ಮುಗಿಸಿದ್ದ ಹುಡುಗಿಯೊಬ್ಬಳು ಅಲ್ಲಿ ರವಿಕೆ ಹೊಲಿಸಲು ಬಂದಾಗ ಹೇಳಿದ್ದಳಂತೆ.

ಲಾಲಬಿ ಗೋಡೆಯ ಮೇಲೆ ಗದ್ದ ಇಟ್ಟು ಹೇಳಿದಳು: "ಕಸ್ತೂರಕ್ಕಾ, ಆ ಸಾಹೇಬ್ರು ಹುಡುಗ್ರ ಬಗ್ಗೆ ಏನೂ ಕೇಳೂದಿಲ್ಲಂತ. ದಿಲ್ಲಿ ಮಂತ್ರಿಮಂಡಲ ಅಷ್ಟ ಕೇಳ್ತಾರಂತ. ಯಾರಿಗಿ ಯಾ ಖಾತೆ, ಯಾರು ದೊಡ್ಡ ಮಂತ್ರಿ, ಯಾರು ಸಣ್ಣ ಮಂತ್ರಿ. ಆ ಹುಡುಗಿ ರೈಲಿನ ಮಂತ್ರಿ ಹೆಸರು ತಪ್ಪಿದ್ಲಂತ, ಅಲ್ಲೇ ಎಬ್ಬಿಸಿ ಕಳಿಸ್ಯಾರ."

"ಬಾಲವಾಡಿ ಹುಡುಗ್ರಿಗಿ ದಿಲ್ಲಿ ಮಂತ್ರಿ ಯಾಕಬೇಕವ್ವಾ?"

"ಅದನ್ನ ನೀನ ಹೋಗಿ ಕೇಳು. ನಮ್ಮವರು ಪೂರಾ ಪಟ್ಟಿ ಬರಕೊಡ್ತಾರ."

ನಬಿಲಾಲ ಅಳತೆ ಬರೆದುಕೊಳ್ಳುವ ಪುಸ್ತಕದ ಎರಡು ಹಾಳೆ ಹರಿದು ಚಂದಾಗಿ ಬರೆದು ಕಳಿಸಿದ. ಹತ್ತೊಂಬತ್ತು ದೊಡ್ಡ ಮಂತ್ರಿಗಳು, ಅವರ ಖಾತೆ, ಅವರ ಸೀಮೆ. ಕೆಳಗೆ ಸಣ್ಣ ಮಂತ್ರಿಗಳು. ಹಾಳೆಯ ಹಿಂದೆ ಯಾರದೋ ಎದೆಯ ಸುತ್ತಳತೆ ಇತ್ತು. ಕಸ್ತೂರೆವ್ವ ಅದನ್ನೂ ಓದಿ, "ಇವ ಯಾ ಮಂತ್ರೀನೋ, ಭಾಳ ದಪ್ಪ ಅದಾನ" ಅಂದಳು.

ಆ ಮಂತ್ರಿಗಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಂದಕ್ಷರ ತಪ್ಪಿದರೂ ದೊಡ್ಡವರ ಹೆಸರು ಕೆಡಿಸಿದಂತಾಗುತ್ತದೆ.

ಎಂಟು ದಿನ ಓದಿದಳು. ಒಲೆಯ ಮುಂದೆ, ಬಾವಿಗೆ ಹೋಗುವಾಗ, ಎಮ್ಮೆಯ ಹಾಲು ಹಿಂಡುವಾಗ. ಸಂಜೆ ನಾನು, "ಹಣಕಾಸು ಯಾರಿಗೆ?" ಎಂದು ಕೇಳಿದರೆ ರೈಲಿನವನ ಹೆಸರು ಹೇಳಿ, ಹಾಳೆ ನೋಡಿ ತಾನೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ರೈಲು ಕೇಳಿದರೆ ಪಂಜಾಬಿನವನನ್ನು ಎಳೆದು ತರುತ್ತಿದ್ದಳು. "ಇವರ ಹೆಸರಿಗಿ ಹಿಡಕೀನ ಇಲ್ಲ ಯಕ್ಕಾ, ಜಾರತಾವ" ಎಂದು ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು.

ಒಂಬತ್ತನೆಯ ದಿನ ಬೀಸಲು ಕೂತಾಗ ಅವಳು ದಿನದ ಪದ ಹಾಡಲಿಲ್ಲ. ಒಂದು ಹಿಡಿ ಜೋಳ ಕೈಯಲ್ಲಿ ಹಿಡಿದು ತೂಗಿ ನೋಡಿದಳು. ಆಮೇಲೆ ಕಲ್ಲಿನ ಬಾಯಿಗೆ ಹಾಕಿ ಎತ್ತಿಕೊಂಡಳು:

ಒಂದನೆ ಹಿಡಿಜ್ವಾಳ ಪಂತಪ್ರಧಾನೀಗಿ
ಮುಂದಿನ ಬಂಡಿ ಹೂಡ್ಯಾನ | ಉಳಿದವರು
ಹಿಂದಿಂದ ಬರ್ರಿ ಅಂದಾನ

ಆ ಪದದ ಬೆನ್ನಿಗೆ ಪ್ರಧಾನಮಂತ್ರಿಗಳ ಹೆಸರು, ಸೀಮೆ ಎರಡನ್ನೂ ಸೊಲ್ಲಿನಂತೆ ಸೇರಿಸಿದಳು. ನನಗೆ ತಿಳಿಯದೆಯೇ ನಾನು ದನಿಗೂಡಿಸಿದ್ದೆ. ಅವತ್ತು ಎರಡು ಹಿಡಿ, ಮರುದಿನ ಎರಡು ಹಿಡಿ. ನಾಲ್ಕನೆಯ ಹಿಡಿ ಹಣಕಾಸಿನದು. ಅತ್ತೆ ದನದ ಕೊಟ್ಟಿಗೆಗೆ ಹೋದದ್ದನ್ನು ನೋಡಿಕೊಂಡು ಹಾಡಿದಳು:

ನಾಕನೆ ಹಿಡಿಜ್ವಾಳ ರೊಕ್ಕಾದ ಮಂತ್ರೀಗಿ
ಬೇಕಂದ್ರ ಗಂಟ ಬಿಚ್ಚಾಂಗಿಲ್ಲ | ನಮ್ಮತ್ತಿ
ಜ್ವಾಕೀಲೆ ಕಲಿಸಿ ಕಳಿಸ್ಯಾಳ

ನಾನು ಗೂಟ ಬಿಟ್ಟು ಬಾಯಿಗೆ ಸೆರಗು ತುರುಕಿಕೊಂಡೆ.

ದೊಡ್ಡ ಮಂತ್ರಿಗೆ ತುಂಬು ಹಿಡಿ. ಸಣ್ಣ ಮಂತ್ರಿಗೆ, ಅಂದರೆ ರಾಜ್ಯಮಂತ್ರಿಗೆ, ಎರಡು ಹಿಡಿಗಳ ನಡುವೆ ಕಲ್ಲು ಬರಿದಾಗದಂತೆ ಹಾಕುತ್ತೇವಲ್ಲ, ಆ ಚಿಮಟಿ. ಹತ್ತು ದಿನಕ್ಕೆ ಇಡೀ ಮಂತ್ರಿಮಂಡಲ ಕಲ್ಲಿಗೆ ಬಂತು. ಜುಲೈ ಹುಟ್ಟಿದಾಗ ಕಸ್ತೂರೆವ್ವ ಒಂದು ಹೆಸರಿಗೂ ತಡವರಿಸುತ್ತಿರಲಿಲ್ಲ. ಹತ್ತೊಂಬತ್ತು ಹಿಡಿ ಮುಗಿಯುವ ಹೊತ್ತಿಗೆ ನಮ್ಮ ಮನೆಯ ಒಂದು ಹೊತ್ತಿನ ರೊಟ್ಟಿಗೆ ಹಿಟ್ಟಾಗುತ್ತಿತ್ತು.

ಅಷ್ಟರಲ್ಲಿ ದಿಲ್ಲಿಯಲ್ಲಿ ಗದ್ದಲ ಸುರುವಾಯಿತು. ಒಬ್ಬೊಬ್ಬರೇ ರಾಜೀನಾಮೆ ಕೊಡತೊಡಗಿದರು. ನಬಿಲಾಲ ಅಂಗಡಿಯಲ್ಲಿ ಸುದ್ದಿ ಕೇಳಿ ಮನೆಯಲ್ಲಿ ಹೇಳುವುದು, ಲಾಲಬಿ ಗೋಡೆಗೆ ಬಂದು ಕೂಗುವುದು:

"ಕಸ್ತೂರಕ್ಕಾ, ಇವತ್ತ ಒಂದು ಹಿಡಿ ತಗಿ!"

ಮರುದಿನ, "ಮತ್ತೊಂದು ಹಿಡಿ ತಗಿ, ಎರಡು ಚಿಮಟೀನೂ ತಗಿ!"

"ಯವ್ವಾ, ಹಿಂಗ ತಗೀತಾ ಹ್ವಾದ್ರ ನಾವು ಉಣ್ಣೂದೇನು?" ಎಂದು ಕಸ್ತೂರೆವ್ವ ಇಲ್ಲಿಂದ ಕೂಗುತ್ತಿದ್ದಳು. ನಗುತ್ತಿದ್ದಳು, ಆದರೆ ಆ ದಿನಗಳಲ್ಲಿ ಅವಳು ಊಟ ಕಡಿಮೆ ಮಾಡಿದ್ದನ್ನು ನಾನು ನೋಡಿದ್ದೇನೆ.

ಜುಲೈ ಹದಿನೈದು, ರವಿವಾರ. ಪಂತಪ್ರಧಾನರೇ ರಾಜೀನಾಮೆ ಕೊಟ್ಟರು. ಇಂಟರ್ವ್ಯೂ ಇಪ್ಪತ್ತಾರಕ್ಕೆ, ಗುರುವಾರ. ಹೊಸ ಮಂತ್ರಿಮಂಡಲ ಯಾವಾಗ, ಯಾರು ಯಾರು ಎಂದು ರೇಡಿಯೋಕ್ಕೂ ಗೊತ್ತಿರಲಿಲ್ಲ.

"ಹಳೇ ಪದ ಬಿಡಬ್ಯಾಡ. ಹೊಸಬರು ಬಂದ ಮ್ಯಾಲೆ ನೋಡೂಣು" ಎಂದೆ ನಾನು.

ಅತ್ತೆ ಹಿಂದಿನ ದಿನವಷ್ಟೇ ಬಸವನ ಬಾಗೇವಾಡಿಯ ಮಗಳ ಮನೆಗೆ ಹೋಗಿದ್ದರು, ಹತ್ತು ದಿನ ಇದ್ದು ಬರಲು. ಅದೇ ಸಮಯ ನೋಡಿ ಖಂಡೆಪ್ಪ ಒಂದು ಉಪಕಾರ ಮಾಡಿದ. ಸೋಮವಾರ ನಸುಕಿನಲ್ಲಿ ನಾವು ಏಳುವುದರೊಳಗೆ ಜೋಳದ ಚೀಲ ಹೆಗಲಿಗೇರಿಸಿಕೊಂಡು ಗಿರಣಿಗೆ ಹೋಗಿಬಿಟ್ಟಿದ್ದ.

"ವೈನಿ," ಅಂದ ನನಗೆ, ಹಿಟ್ಟಿನ ಚೀಲ ಇಳಿಸುತ್ತ, "ಆಕಿಗಿ ಓದಾಕ ಹೊತ್ತು ಬೇಕು. ಅವ್ವ ಬರೂತನಕ ಬೀಸೂದು ಬ್ಯಾಡ. ಅವ್ವಗ ಹೇಳಬ್ಯಾಡ್ರಿ."

ನಮಗೂ ಹಿಗ್ಗಾಯಿತು. ಹದಿನಾರು ವರ್ಷದಲ್ಲಿ ಮೊದಲ ಸಲ ಬೆಳಕು ಹರಿಯುವವರೆಗೆ ಮಲಗಿದೆವು. ಕಸ್ತೂರೆವ್ವ ಹಾಳೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂಡುತ್ತಿದ್ದಳು, ಮಕ್ಕಳು ಮುತ್ತುತ್ತಿದ್ದರು. ಒಂದು ದಿನವೂ ಪದ ಹಾಡಲಿಲ್ಲ. ಬೇಕಾಗಲಿಲ್ಲ, ಎಲ್ಲ ಬರುತ್ತದೆ ಎಂಬ ಧೈರ್ಯ.

ಇಪ್ಪತ್ನಾಲ್ಕಕ್ಕೆ ಅತ್ತೆ ಬಂದರು. ಮರುದಿನ ಉಳಿದಿದ್ದ ಗಿರಣಿ ಹಿಟ್ಟಿನ ಮೊದಲ ರೊಟ್ಟಿ ಮುರಿದು, "ಇವತ್ತ ಹಿಟ್ಟು ಭಾಳ ಸಣ್ಣಗ ಬಿದ್ದೈತಿ. ನಾ ಇಲ್ಲದಾಗ ಕೈ ಚುರುಕಾಗ್ಯಾವ ನಿಮ್ಮವು" ಅಂದರು. ಖಂಡೆಪ್ಪ ನೀರು ಕುಡಿಯುತ್ತಿದ್ದವನು ಕೆಮ್ಮಿ ಹೊರಗೆ ಹೋದ.

ಗುರುವಾರ ಮುಂಜಾನೆ ನಾನೂ ಅವಳೂ ಬಸ್ಸಿಗೆ ಕೂತೆವು. ಹೆಣ್ಣುಮಗಳು ಒಬ್ಬಳೇ ಹೋಗಬಾರದೆಂದು ಅತ್ತೆಯೇ ನನ್ನನ್ನು ಜೊತೆ ಮಾಡಿದ್ದರು. ಊರು ದಾಟಿ ಒಂದು ಮೈಲಿ ಹೋದ ಮೇಲೆ ಕಸ್ತೂರೆವ್ವ ನನ್ನ ಕೈ ಹಿಡಿದಳು.

"ಯಕ್ಕಾ, ಎರಡನೇ ಹಿಡಿ ಯಾರದು?"

"ನನಗೇನು ಗೊತ್ತವ್ವಾ, ನೀ ಹಾಡಬೇಕು, ನಾ ಕೊನೀಗಿ ಕೂಡಬೇಕು."

"ಬರವೊಲ್ಲದು. ಒಂದೂ ಬರವೊಲ್ಲದು. ಒಂದನೇ ಹಿಡಿ ಅಷ್ಟ ನೆನಪೈತಿ."

ಹಾಳೆ ತೆಗೆದಳು. ಬಸ್ಸಿನ ಕುಲುಕಿಗೆ ಅಕ್ಷರ ನಿಲ್ಲಲಿಲ್ಲ. ಹಾಳೆ ಮಡಚಿ ಕಿಟಕಿಯಾಚೆ ನೋಡಿದಳು. ಹೊಲದಲ್ಲಿ ತೊಗರಿ ಎರಡೆಲೆ ಬಿಟ್ಟಿತ್ತು. "ಪಾಪ, ಅವರು ಉಪಕಾರ ಮಾಡಾಕ ಹೋಗಿ ಮಂತ್ರಿಮಂಡಲಾನ ಗಿರಣಿಗಿ ಹಾಕಿ ಬಂದ್ರು" ಅಂದಳು. ಅಂಥ ಹೊತ್ತಿನಲ್ಲೂ ನಾವಿಬ್ಬರೂ ನಕ್ಕೆವು. ಕಂಡಕ್ಟರ ತಿರುಗಿ ನೋಡಿದ.

ಇಂಟರ್ವ್ಯೂಕ್ಕೆ ಏಳು ಮಂದಿ ಬಂದಿದ್ದರು. ಕಸ್ತೂರೆವ್ವ ಐದನೆಯವಳು. ಬಾಗಿಲಿಗೆ ಅರ್ಧ ಪರದೆ ಕಟ್ಟಿದ್ದರು. ನಾನು ಹೊರಗೆ ಗೋಡೆಗೆ ಆತು ನಿಂತಿದ್ದೆ, ಒಳಗಿನ ಮಾತೆಲ್ಲ ಕೇಳುತ್ತಿತ್ತು. ಮೇಜಿನಾಚೆ ಒಬ್ಬ ಸಾಹೇಬರು, ಒಬ್ಬ ಬಾಯಿಯವರು ಅಂದರೆ ಹೆಣ್ಣು ಅಧಿಕಾರಿ, ಒಬ್ಬ ಕಾರಕೂನ.

"ಕುಂದರವಾ" ಅಂದರು ಸಾಹೇಬರು.

ಕುರ್ಚಿ ಎಳೆದ ಸಪ್ಪಳವಾಯಿತು. ಅವಳು ಜೀವನದಲ್ಲಿ ಮೊದಲ ಸಲ ಕುರ್ಚಿಯ ಮೇಲೆ ಕೂತದ್ದು ಅಲ್ಲಿಯೇ. ಪರದೆಯ ಕೆಳಗಿಂದ ಅವಳ ಕಾಲು ಕಾಣುತ್ತಿದ್ದವು, ನೆಲಕ್ಕೆ ಸರಿಯಾಗಿ ಮುಟ್ಟುತ್ತಿರಲಿಲ್ಲ.

ಹೆಸರು, ಊರು ಕೇಳಿದ ಮೇಲೆ ಅದೇ ಬಂತು. "ಕೇಂದ್ರ ಮಂತ್ರಿಮಂಡಲದಾಗ ಯಾರ್ಯಾರಿಗಿ ಯಾ ಯಾ ಖಾತೆ? ಒಂದಕಡಿಂದ ಹೇಳು."

ಕಾರಕೂನ ಪೆನ್ನು ಮೇಜಿಗೆ ಬಡಿಯುವುದಷ್ಟೇ ಕೇಳುತ್ತಿತ್ತು.

"ಗೊತ್ತಿಲ್ಲ?"

"ಗೊತ್ತೈತ್ರಿ. ಕೈಯಾಗ ಐತ್ರಿ, ಬಾಯಿಗಿ ಬರವೊಲ್ಲದು."

"ಕೈಯಾಗ ಚೀಟಿ ತಂದೀಯೇನು?"

"ಇಲ್ರಿ ಸಾಹೇಬ್ರ." ಬಳೆ ಸದ್ದಾಯಿತು, ಎರಡೂ ಅಂಗೈ ತೋರಿಸಿರಬೇಕು. "ನೆಲದ ಮ್ಯಾಲೆ ಕುಂದರ್ಲೇನ್ರಿ?"

"ಯಾಕ?"

"ನಾ ಇದನ್ನ ಬೀಸಕೋತ ಕಲಿತೇನ್ರಿ. ಕಲ್ಲು ತಿರುಗಿದ್ರ ಬರತೈತ್ರಿ."

ಬಾಯಿಯವರು ನಕ್ಕದ್ದು ಕೇಳಿಸಿತು. "ಕುಂದರ್ಲಿ ಬಿಡ್ರಿ ಸಾಹೇಬ್ರ, ನೆಲಕ್ಕೇನು ಬಾಡಿಗಿ ಕೊಡಬೇಕು?"

ಅವಳು ನೆಲಕ್ಕೆ ಇಳಿದಳು. ಬಲಗೈ ಚಾಚಿ ಇಲ್ಲದ ಗೂಟ ಹಿಡಿದು ಒಂದು ಸುತ್ತು ತಿರುಗಿಸಿದಳು. ಮತ್ತೆ ನಿಂತಳು.

"ಈಗೇನಾತು?"

"ಎದುರಿಗಿ ಯಾರೂ ಇಲ್ರಿ. ಒಬ್ಬಾಕಿಗಿ ಕಲ್ಲು ಒಜ್ಜಿ ಆಕ್ಕೈತ್ರಿ. ನಮ್ಮಕ್ಕ ಹೊರಗ ನಿಂತಾಳ್ರಿ."

"ಇಂಟರ್ವ್ಯೂಕ್ಕ ಜೋಡಿ ಎಲ್ಲೆರ ಇರತೈತೇನವಾ?" ಎಂದು ಸಾಹೇಬರು ದನಿ ಎತ್ತಿದರು. ಬಾಯಿಯವರು ಎದ್ದು ಬಂದು ಪರದೆ ಸರಿಸಿ ನನ್ನನ್ನು ನೋಡಿದರು.

"ಅಕ್ಕಾರ, ನಿಮಗ ಓದಾಕ ಬರತೈತೇನ್ರಿ?"

"ಇಲ್ಲವ್ವಾ, ಅಕ್ಷರ ಕಲಿತಿಲ್ಲ."

"ಮಂತ್ರಿಗೋಳ ಹೆಸರು?"

"ನಾ ಕೊನೀಗಿ ದನಿ ಕೂಡಸೂದಷ್ಟ ನೋಡವ್ವಾ."

"ಒಳಗ ಬರ್ರಿ. ಬಾಯಿ ಬಿಡಬಾರದು, ಹಾಂ?"

ನಾನು ಹೋಗಿ ಎದುರಿಗೆ ಕೂತೆ. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ಗೂಟ ಇದ್ದಲ್ಲಿ ಅವಳ ಮುಷ್ಟಿ ಇತ್ತು, ಅದರ ಮೇಲೆ ನನ್ನ ಕೈ ಇಟ್ಟೆ. ಅವಳು ಕಣ್ಣು ಮುಚ್ಚಿದಳು. ಒಂದು ಸುತ್ತು, ಎರಡು ಸುತ್ತು, ಮೂರನೆಯ ಸುತ್ತಿಗೆ ಪದ ಬಂತು. ಒಂದನೆಯ ಹಿಡಿ. ಬೆನ್ನಿಗೇ ಎರಡನೆಯದು. ಮೂರನೆಯದು. ಹೆಸರು, ಸೀಮೆ, ಖಾತೆ, ಒಂದರ ಬಾಲ ಒಂದು ಹಿಡಿದುಕೊಂಡು ಬಂದವು. ಸಾಹೇಬರು ತಮ್ಮ ಅಚ್ಚಿನ ಹಾಳೆಯ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಿದ್ದರು. ರೊಕ್ಕದ ಮಂತ್ರಿಯ ಪದಕ್ಕೆ ಬಾಯಿಯವರು ಮೇಜಿನ ಮೇಲೆ ತಲೆ ಇಟ್ಟು ನಕ್ಕರು. ಕಾರಕೂನ ಬಡಿಯುತ್ತಿದ್ದ ಪೆನ್ನು ತಾಳಕ್ಕೆ ಬಿದ್ದಿತ್ತು.

ಆರನೆ ಹಿಡಿಜ್ವಾಳ ರೈಲೀನ ಮಂತ್ರೀಗಿ
ಊರೀಗಿ ಗಾಡಿ ಬರಲಿಲ್ಲ | ನಮ್ಮವ್ವ
ದಾರೀಯ ನೋಡಿ ಕುಂತಾಳ

"ಇದು ಖರೇ ಐತಿ" ಅಂದರು ಸಾಹೇಬರು, ತಮ್ಮಷ್ಟಕ್ಕೆ.

ಹನ್ನೊಂದನೆಯ ಹಿಡಿಯ ಹತ್ತಿರ ಅವಳು ತಡೆದಳು. ಉಕ್ಕು, ಗಣಿ ಇದ್ದ ಹಿಡಿ ಅದು. ನಾನು ಬಾಯಿ ಬಿಡಲಿಲ್ಲ. ಆದರೆ ಕಲ್ಲು ಬರಿದಾಗುತ್ತದೆ ಎನ್ನುವಾಗ ಎಡಗೈ ತಾನಾಗಿ ಹೋಗುತ್ತದಲ್ಲ, ಹಾಗೆ ನನ್ನ ಎಡಗೈ ಪಕ್ಕದ ಬರಿ ನೆಲವನ್ನು ಮೊಗೆದು ಒಂದು ಹಿಡಿ ಹಾಕಿತು. ತಕ್ಷಣ ಅವಳಿಗೆ ಪದ ಬಂತು. ಇದು ಹೇಳಿಕೊಟ್ಟಂತೆ ಆಯಿತೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆದಿದ್ದೇನೆ.

ಹತ್ತೊಂಬತ್ತು ಮುಗಿದವು. ಸಾಹೇಬರು ಹಾಳೆಯಿಂದ ಬೆರಳು ತೆಗೆದು ಕೇಳಿದರು: "ನಡುನಡುವ ಎಡಗೈಲೆ ಸಣ್ಣಗ ಏನೋ ಹಾಕತಿದ್ದೆಲ್ಲ, ಅದೇನು?"

"ಚಿಮಟಿ ರೀ. ರಾಜ್ಯಮಂತ್ರಿಗೋಳು."

"ದೊಡ್ಡ ಮಂತ್ರಿಗೂ ರಾಜ್ಯಮಂತ್ರಿಗೂ ಏನು ಫರಕು?"

"ಹಿಡಿ ಹಾಕಿದ್ರ ಹಿಟ್ಟು ಬೀಳತೈತ್ರಿ. ಮನೀಗಿ ಎಷ್ಟು ಬೇಕಂತ ಲೆಕ್ಕ ಹಿಡಿ ಮ್ಯಾಲೆ. ಚಿಮಟಿ ಹಾಕೂದು ನಡುವ ಕಲ್ಲು ಬರಿದಾಗಬಾರದಂತ. ಹಿಡಿ ಕುಂತು ಠರಾವು ಮಾಡತೈತ್ರಿ, ಚಿಮಟಿ ಕೆಲಸಾ ನಡಸತೈತ್ರಿ."

ಸಾಹೇಬರು ಪೆನ್ನಿನ ಟೋಪಿ ತೆಗೆದರು. ಆಮೇಲೆ ಹಾಳೆಯಲ್ಲಿ ಏನೋ ಬರೆಯಲು ಹೋದರು. ಆಗ ಕಸ್ತೂರೆವ್ವ ಕೈ ಎತ್ತಿದಳು.

"ಸಾಹೇಬ್ರ, ಇದು ಈ ತಿಂಗಳ ಮೊದಲನೇ ದಿನದ ಪದಾರಿ. ಇವತ್ತಿಂದಲ್ಲ."

ಆದದ್ದು ಆಗಿತ್ತು, ಇನ್ನೇಕೆ ಬಾಯಿ ಬಿಡುತ್ತಾಳೆ?

"ಅಂದ್ರ?"

"ಆಮ್ಯಾಲೆ ಒಬ್ಬೊಬ್ಬರ ರಾಜೀನಾಮೆ ಕೊಟ್ರು. ಹದಿನೈದನೇ ತಾರೀಖ ಪಂತಪ್ರಧಾನರೂ ಕೊಟ್ರು. ನಿಮ್ಮ ಹಾಳ್ಯಾಗ ಇನ್ನ ಹಳೇದ ಐತೇನೋ ಅಂತ ಹೇಳಿದೆ ರೀ. ತಪ್ಪು ತಿಳಕೋಬ್ಯಾಡ್ರಿ."

ಬಾಯಿಯವರು ಹಾಳೆಯನ್ನು ಇಣುಕಿ ನೋಡಿ ತುಟಿ ಕಚ್ಚಿದರು. ಸಾಹೇಬರ ಮುಖ ಸ್ವಲ್ಪ ಕೆಂಪಾಯಿತು. ಆದರೆ ಅವರು ಗಟ್ಟಿ ಮನುಷ್ಯ, ಮತ್ತೊಂದು ಪ್ರಶ್ನೆ ಹಾಕಿದರು.

"ಹಂಗಾದ್ರ ಈಗ ದೇಶ ನಡಸಾವರು ಯಾರೂ ಇಲ್ಲ?"

"ಅದಾರ್ರಿ. ಕಾಳು ಹಾಕೂದು ನಿಲ್ಲಿಸಿದ್ರೂ ಎರಡು ಕಲ್ಲಿನ ನಡುವ ಇದ್ದದ್ದು ಹಿಟ್ಟಾಗಿ ಬೀಳತಿರತೈತ್ರಿ. ಹೊಸಬರು ಬರೂತನಕ ಹಳಬರ ಕುಂತಾರ. ಆದ್ರ ಹೊಸಾ ಕಾಳು ಹಾಕೂವಂಗಿಲ್ರಿ."

ಸಾಹೇಬರು ಪೆನ್ನು ಕೆಳಗಿಟ್ಟರು. ಕಾರಕೂನನಿಗೆ, "ಹೊರಗಿದ್ದ ಇನ್ನಿಬ್ಬರನ್ನ ಕರಿ. ಮತ್ತ, ಅವರಿಗಿ ನಾ ಬ್ಯಾರೇ ಏನರ ಕೇಳ್ತೇನಿ" ಅಂದರು. ನಮಗೆ ಹೋಗಿ ಬನ್ನಿ ಅಂದರು. ಹಾಂ ಅನ್ನಲಿಲ್ಲ, ಊಂ ಅನ್ನಲಿಲ್ಲ.

ಮುಂದಿನ ದಿನಗಳನ್ನು ಕಳೆಯುವುದು 'ಎರಡನೇ ಹಿಡಿ ಯಾರದು' ಅನ್ನುವುದಕ್ಕಿಂತ ಕಷ್ಟವಾಯಿತು. ಶನಿವಾರ ದಿಲ್ಲಿಯಲ್ಲಿ ಹೊಸ ಪಂತಪ್ರಧಾನರು ಬಂದರು. ಪಂಚಮಿ ಬಂತು, ಉಂಡಿ ಕಟ್ಟಿದೆವು, ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ಕಸ್ತೂರೆವ್ವ ಜೋಕಾಲಿಯಲ್ಲಿ ಜೀಕುವಾಗಲೂ ಟಪಾಲಿನವನು ಬರುವ ದಾರಿಯ ಕಡೆಗೇ ಮುಖ ಮಾಡಿ ಕೂಡುತ್ತಿದ್ದಳು. ಲಾಲಬಿ ಹೊಸ ಪಟ್ಟಿ ತಂದಾಗ, "ತಡಿಯವ್ವಾ, ಹಳೇದರ ಹಿಟ್ಟ ಇನ್ನ ಬಿದ್ದಿಲ್ಲ" ಅಂದಳು.

ಶ್ರಾವಣದ ಮೂರನೆಯ ಸೋಮವಾರ ಕಾಗದ ಬಂತು. ಖಂಡೆಪ್ಪ ಅದನ್ನು ಅವಳ ಮುಂದೆ ಹಿಡಿದುಕೊಂಡ. ಅವನಿಗೆ ಓದಲು ಬರುತ್ತಿರಲಿಲ್ಲ, ಹಿಡಿಯುವುದಷ್ಟೇ ಅವನ ಕೆಲಸ. ಅವಳು ಓದಿದಳು. ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಗಟ್ಟಿಯಾಗಿ. ಆಮೇಲೆ ಗೋಡೆಯ ಕಡೆಗೆ ತಿರುಗಿ ಕೂಗಿದಳು:

"ಲಾಲಬೀ, ನನಗೂ ಖಾತೆ ಸಿಕ್ತು!"

ಗೋಡೆಯಾಚೆ ಏನೋ ಪಾತ್ರೆ ಬಿದ್ದ ಸಪ್ಪಳವಾಯಿತು. ಲಾಲಬಿ ಬಾಗಿಲಿಂದ ಬರಲಿಲ್ಲ, ಗೋಡೆ ಹತ್ತಿಯೇ ಬಂದಳು.

ಅತ್ತೆ ಎಲ್ಲ ನೋಡುತ್ತ ಪಡಸಾಲೆಯಲ್ಲಿ ಕೂತಿದ್ದರು. "ಹಿಟ್ಟು?" ಅಂದರು.

ಖಂಡೆಪ್ಪ ಮುಂದೆ ಬಂದ. ಅವ್ವನ ಎದುರು ಅಷ್ಟು ಧೈರ್ಯದಿಂದ ಅವನು ನಿಂತದ್ದನ್ನು ನಾನು ಮೊದಲ ಸಲ ನೋಡಿದೆ. "ಯವ್ವಾ, ನೀ ಬಾಗೇವಾಡಿಂದ ಬಂದ ಮರುದಿನ ತಿಂದೆಲ್ಲ, ಹಿಟ್ಟು ಸಣ್ಣಗ ಬಿದ್ದೈತಿ ಅಂದಿ. ಅದು ಗಿರಣೀದು."

ಅತ್ತೆ ಅವನ ಕಡೆಗೆ ಬೆರಳು ತೋರಿಸಿದರು. "ಅದಕ್ಕ, ಆ ರೊಟ್ಟಿ ತಿಂದ, ಅವತ್ತ ನನಗ ನಿನ್ನ ಮ್ಯಾಲೆ ಸಿಟ್ಟ ಬಂದಿತ್ತು" ಅಂದರು. ಆದರೆ ಮರುದಿನದಿಂದ ಜೋಳದ ಚೀಲ ಗಿರಣಿಗೆ ಹೋಗತೊಡಗಿತು.

ಬಾಲವಾಡಿಗೆ ಪಂಚಾಯತಿಯ ಹಿಂದಿನ ಒಂದು ಕೋಣೆ ಕೊಟ್ಟರು. ಒಂದು ತಗಡಿನ ಪೆಟ್ಟಿಗೆ, ಪಾಟಿಗಳು, ಮತ್ತೆ ಮಡಚುವ ಕಬ್ಬಿಣದ ಕುರ್ಚಿ. ಅವಳು ಹೇಳಿದ್ದೇ ಖರೆ, ಸರಕಾರದ್ದೆಂದ ಮೇಲೆ ಕುರ್ಚಿ ಇರಲೇಬೇಕು. ಮೊದಲ ದಿನ ಕಸ್ತೂರೆವ್ವ ಅದನ್ನು ಒರೆಸಿ, ಕುಂಕುಮ ಹಚ್ಚಿ, ನೆಟ್ಟಗೆ ಕೂತಳು. ನಲವತ್ತಲ್ಲ, ಐವತ್ತಮೂರು ಮಕ್ಕಳು ಬಂದಿದ್ದರು, ನಾನೇ ಎಣಿಸಿದೆ. ಒಂದು ಮಗು ಅವಳ ಮೊಳಕಾಲು ಹತ್ತಲು ಹೋಗಿ ಜಾರಿತು, ಮತ್ತೊಂದು ಅವಳ ಸೆರಗಿನ ಮೂಲೆ ಸಿಗದೆ ಮೂಗು ಹಿಡಿದುಕೊಂಡು ನಿಂತಿತು. ಕಾಲು ತಾಸು ಕೂಡ ಆಗಿರಲಿಕ್ಕಿಲ್ಲ, ಅವಳು ನೆಲಕ್ಕೆ ಇಳಿದಳು.

ಬಿಡುವಾಗಿದ್ದ ನಮ್ಮ ಬೀಸುಕಲ್ಲನ್ನು ಖಂಡೆಪ್ಪ ಬಂಡಿಯಲ್ಲಿ ಹಾಕಿ ಅಲ್ಲಿಗೆ ತಂದ. ಮಕ್ಕಳು ಇಬ್ಬಿಬ್ಬರು ಎದುರುಬದುರು ಕೂತು, ಒಂದೊಂದೇ ಕಾಳು ಹಾಕಿ ಎಣಿಕೆ ಕಲಿತರು, ವಾರಗಳ ಹೆಸರು ಕಲಿತರು, ಅ ಆ ಕಲಿತರು. ದೂರ ಕೂತು ನೋಡುತ್ತಿದ್ದ ನನಗೂ ಆ ಅಕ್ಷರಗಳು ಹತ್ತಿದವು. ಮಂತ್ರಿಗಳ ಪದವನ್ನು ಯಾರೂ ಕಲಿಸಲಿಲ್ಲ. ಅವಳು ಗುನುಗುವುದನ್ನು ಕೇಳಿ ಅವರೇ ಕಲಿತರು.

ಅತ್ತೆಗೆ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ದೀಪಾವಳಿ ದಾಟಿದ ಮೇಲೆ ಒಂದು ದಿನ ಬಾಲವಾಡಿಗೆ ಬಂದರು. ಸುತ್ತ ನೋಡಿದರು. ಬರಿದಾಗಿದ್ದದ್ದು ಕುರ್ಚಿ ಒಂದೇ.

"ಇದರ ಮ್ಯಾಲೆ ಯಾರೂ ಕುಂದರಂಗಿಲ್ಲೇನು?"

"ನೀವ ಕುಂದರ್ರಿ ಅತ್ತಿ" ಅಂದಳು ಕಸ್ತೂರೆವ್ವ.

ಅತ್ತೆ ಸೀರೆ ಸರಿಮಾಡಿಕೊಂಡು ಕೂತರು. ಎರಡೂ ಕೈ ಇಟ್ಟು ನೋಡಿದರು, ಬೆನ್ನು ಆನಿಸಿ ನೋಡಿದರು. ಮುಖದ ಮೇಲೆ ಒಂದು ಥರ ಬೆಳಕು ಬಂತು. ಸರಿಯಾಗಿ ಆಗಲೇ, ಕಲ್ಲಿನ ಹತ್ತಿರ ಕೂತ ಇಬ್ಬರು ಹುಡುಗಿಯರು ದೊಡ್ಡ ದನಿಯಲ್ಲಿ ಎತ್ತಿಕೊಂಡರು:

"ಬೇಕಂದ್ರ ಗಂಟ ಬಿಚ್ಚಾಂಗಿಲ್ಲ, ನಮ್ಮತ್ತೀ..."

ಐವತ್ತಮೂರೂ ಮಕ್ಕಳು ಕೊನೆಯ ಸಾಲಿಗೆ ದನಿಗೂಡಿಸಿದವು. ನಾನು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿದೆ. ಕಸ್ತೂರೆವ್ವ ಪಾಟಿಯ ಹಿಂದೆ ಮುಖ ಮುಚ್ಚಿಕೊಂಡಳು.

"ಯಾ ಅತ್ತಿ ಇಕಿ?" ಅಂದರು ಅತ್ತೆ.

"ದಿಲ್ಲಿಯಾಕೀರಿ" ಅಂದಳು ಪಾಟಿಯ ಹಿಂದಿನಿಂದ ಕಸ್ತೂರೆವ್ವ.

"ಹಾಂ. ಆಕಿ ಹಂಗ ಇರಬಹುದು" ಅಂದರು ಅತ್ತೆ. ಕುರ್ಚಿಯಿಂದ ಏಳದೆ, ಸೊಂಟದ ಗಂಟಿಗೆ ಕೈ ಹಾಕಿದರು. ಹಗ್ಗದಂತೆ ಗಟ್ಟಿಯಾಗಿದ್ದ ಗಂಟು, ಹಲ್ಲು ಹಚ್ಚಿ ಬಿಚ್ಚಬೇಕಾಯಿತು. ಒಳಗಿಂದ ಪುಠಾಣಿ ಬಂತು, ಬೆಲ್ಲದ ಚೂರು ಬಂತು. "ಬರ್ರ್ಯೋ, ಸಾಲಿಗಿ ನಿಲ್ರಿ. ದೊಡ್ಡವರಿಗಿ ಒಂದು ಹಿಡಿ, ಸಣ್ಣವರಿಗಿ ಒಂದು ಚಿಮಟಿ" ಅಂದರು.

ಸಣ್ಣವು ಒಪ್ಪಲಿಲ್ಲ. ಎಲ್ಲವೂ ಹಿಡಿಯೇ ಬೇಕೆಂದು ಕೈ ಚಾಚಿ ನಿಂತವು. ಮರುದಿನ ಅತ್ತೆ ದೊಡ್ಡ ಗಂಟು ಕಟ್ಟಿಕೊಂಡು, ನಮಗಿಂತ ಮೊದಲೇ ಹೋಗಿ, ಆ ಕುರ್ಚಿಯ ಮೇಲೆ ಕೂತಿದ್ದರು.